ಒಬ್ಬನ ರುಜು, ಮನೆತನದ ರಕ್ತ

ವಿದ್ಯಾರ್ಥಿಗಳಿಗೆ ಓದುವುದು ಹೇಗೆಂದು ಹೇಳಿಕೊಡುವುದೇ ನನ್ನ ಕಸುಬು. ಒಂದು ಪದ್ಯವನ್ನು ಕೈಗೆತ್ತಿಕೊಂಡರೆ ಕವಿ ಹೇಳಿದ್ದನ್ನು ಮಾತ್ರವಲ್ಲ, ಹೇಳದೆ ಬಿಟ್ಟದ್ದನ್ನೂ ಕಾಣಬೇಕೆಂದು ತರಗತಿಯಲ್ಲಿ ದಿನವೂ ಉಪದೇಶಿಸುತ್ತೇನೆ. ಇಂಥ ನಾನು ಈಚೆಗೆ ಏಳು ಪುಟಗಳ ಕಾಗದವೊಂದಕ್ಕೆ ಒಂದು ಪುಟವನ್ನೂ ಓದದೆ ರುಜು ಹಾಕಿ ಬಂದೆನೆಂದರೆ ವಾಚಕರು ನಗಬಹುದು. ನಗಲಿ, ಆ ನಗೆಗೆ ನಾನು ಪಾತ್ರನೇ. ಆದರೆ ನಕ್ಕು ಮುಗಿದ ಮೇಲೆ, ತಾವು ಕೂಡ ಹೀಗೆ ಎಷ್ಟು ಕಾಗದಗಳಿಗೆ ರುಜು ಹಾಕಿದ್ದೀರೆಂದು ಒಮ್ಮೆ ಲೆಕ್ಕ ಹಾಕಿಕೊಳ್ಳಬೇಕೆಂದು ಮಾತ್ರ ವಿನಂತಿ.

ನಡೆದದ್ದು ಇಷ್ಟು. ವಾಮಂಜೂರಿನಲ್ಲಿ ನಮ್ಮ ಮನೆಗೆ ಕೂಗಳತೆಯಲ್ಲಿರುವ ಸಭಾಭವನದಲ್ಲಿ ಒಂದು ಭಾನುವಾರ ಆರೋಗ್ಯ ತಪಾಸಣೆಯ ಶಿಬಿರವಿತ್ತು. ರಕ್ತದ ಒತ್ತಡ ನೋಡಿದರು, ಸಕ್ಕರೆ ನೋಡಿದರು, ಕಣ್ಣು ನೋಡಿದರು. ಕೊನೆಯ ಮೇಜಿನ ಹಿಂದೆ ಕುಳಿತಿದ್ದ ತರುಣನೊಬ್ಬ ಎದ್ದು ನಿಂತು, “ಸರ್, ಸಂಶೋಧನೆಗಾಗಿ ಸ್ವಲ್ಪ ರಕ್ತ ಕೊಡುತ್ತೀರಾ? ವಂಶವಾಹಿಗಳ ಅಧ್ಯಯನ” ಎಂದ. ವಿನಯಶೀಲ ಹುಡುಗ, ಕೇಳಿದ್ದು ಜ್ಞಾನದ ಹೆಸರಿನಲ್ಲಿ. ಅಧ್ಯಾಪಕನಾದವನು ಇಲ್ಲವೆನ್ನುವುದು ಹೇಗೆ? ಇಂಗ್ಲಿಷಿನಲ್ಲಿದ್ದ ಒಪ್ಪಿಗೆಯ ಪತ್ರವನ್ನು ನನ್ನ ಮುಂದಿಟ್ಟ. ಕೊನೆಯ ಪುಟ ಮಗುಚಿ ರುಜು ಹಾಕಿದೆ. ಕುಟುಂಬದ ಕಾಯಿಲೆಗಳನ್ನು ಬರೆಯುವ ಅಂಕಣದಲ್ಲಿ, ನನ್ನ ತಾಯಿಯೂ ಚಿಕ್ಕಮ್ಮನೂ ಐವತ್ತು ದಾಟುವ ಮೊದಲೇ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರೆಂದು ಸತ್ಯವನ್ನೇ ಬರೆದೆ. ಐದು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಒಂದು ಸತ್ಕಾರ್ಯ ಮಾಡಿದ ಹಗುರವಾದ ಮನಸ್ಸಿನಿಂದ ಮನೆಗೆ ಬಂದೆ.

ಸಂಜೆ ಗುರುಪುರದಿಂದ ಅಕ್ಕ ಬಂದಿದ್ದಳು. ಚಹಾ ಕುಡಿಯುತ್ತ ಈ ಸಂಗತಿಯನ್ನು ಹೇಳಿದೆ. ಅವಳು ಲೋಟವನ್ನು ಕೆಳಗಿಟ್ಟು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: “ನೀನು ಕೊಟ್ಟದ್ದು ಯಾರ ರಕ್ತ?”

“ನನ್ನದೇ” ಎಂದೆ.

“ಅಮ್ಮನದಲ್ಲವಾ? ನನ್ನದಲ್ಲವಾ? ನನ್ನ ಮಗಳದಲ್ಲವಾ?”

ಅಕ್ಕ ಓದಿದ್ದು ಎಂಟನೆಯ ತರಗತಿಯವರೆಗೆ. ಆದರೆ ಆ ಏಳು ಪುಟಗಳಲ್ಲಿ ನಾನು ಓದಬೇಕಾಗಿದ್ದುದನ್ನು ಅವಳು ಕಾಗದವನ್ನು ನೋಡದೆಯೇ ಓದಿಬಿಟ್ಟಿದ್ದಳು. ಅವಳ ಮಗಳಿಗೆ ಆಗ ಮದುವೆಯ ಮಾತುಕತೆ ನಡೆಯುತ್ತಿತ್ತು.

ಅಕ್ಕನ ಭಯದಲ್ಲಿ ಎಷ್ಟು ಹುರುಳಿದೆಯೆಂದು ತಿಳಿಯಲು ಅಂದಿನಿಂದ ಕೆಲವು ವಾರ ಓದಿದೆ. ಸ್ತನದ ಕ್ಯಾನ್ಸರಿಗೆ ಸಂಬಂಧಿಸಿದ ಎರಡು ಮುಖ್ಯ ವಂಶವಾಹಿಗಳನ್ನು ವಿಜ್ಞಾನಿಗಳು 1990ರ ದಶಕದಲ್ಲಿ ಗುರುತಿಸಿದರು. ಆ ಕಾಯಿಲೆ ಬಂದವರೆಲ್ಲರಲ್ಲಿಯೂ ಇವುಗಳ ದೋಷವಿರುವುದಿಲ್ಲ; ಬಹುಪಾಲು ರೋಗಿಗಳಲ್ಲಿ ಇಲ್ಲವೇ ಇಲ್ಲ. ಆದರೆ ದೋಷವಿದ್ದ ಮನೆತನದಲ್ಲಿ ಅದು ತಾಯಿಯಿಂದಾಗಲಿ ತಂದೆಯಿಂದಾಗಲಿ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬರುವುದರಲ್ಲಿ ಮಗ ಮಗಳೆಂಬ ಭೇದವಿಲ್ಲ. ಫಲದಲ್ಲಿ ಮಾತ್ರ ಭೇದವಿದೆ. ಗಂಡಸಿಗೆ ಅಪಾಯ ಕಡಿಮೆ, ಹೆಂಗಸಿಗೆ ಬಹಳ ಹೆಚ್ಚು. ಅಂದರೆ ನನ್ನ ರಕ್ತದಲ್ಲಿ ಅಂಥದೊಂದು ದೋಷ ಕಂಡುಬಂದರೆ ಅದರ ಭಾರವನ್ನು ಹೊರಬೇಕಾದವನು ನಾನಲ್ಲ. ರುಜು ಹಾಕದ ಅಕ್ಕ, ರುಜುವಿನ ಸುದ್ದಿಯೇ ತಿಳಿಯದ ಅವಳ ಮಗಳು. ದಾನ ನನ್ನದು, ದಾನದ ಋಣ ಅವರದು.

ಕನ್ನಡ ಕಲಿಸುವವನಿಗೆ ಒಂದು ದುರಭ್ಯಾಸವಿರುತ್ತದೆ. ಏನು ಕಷ್ಟ ಬಂದರೂ ಮೊದಲು ಶಬ್ದದ ಕಡೆಗೆ ತಿರುಗುತ್ತಾನೆ. ಇಂಗ್ಲಿಷಿನವರು ‘ಪ್ರೈವಸಿ’ ಎನ್ನುವುದನ್ನು ನಾವು ‘ಖಾಸಗಿತನ’ ಎನ್ನುತ್ತೇವೆ. ‘ಖಾಸಗಿ’ ಎಂಬುದು ಅರಬ್ಬಿ ಮೂಲದಿಂದ ದಫ್ತರದ ದಾರಿಯಾಗಿ ನಮ್ಮಲ್ಲಿಗೆ ಬಂದ ಮಾತು. ಹಾಗಾದರೆ ಅದು ಬರುವ ಮೊದಲು ಕನ್ನಡಿಗನಿಗೆ ಮುಚ್ಚಿಡುವಂಥದು ಏನೂ ಇರಲಿಲ್ಲವೆ? ಇದ್ದಿತು. ಅದಕ್ಕೆ ‘ಗುಟ್ಟು’ ಎನ್ನುತ್ತಿದ್ದೆವು, ‘ಮಾನ’ ಎನ್ನುತ್ತಿದ್ದೆವು. ಆದರೆ ಗಮನಿಸಬೇಕು: ‘ಮನೆಯ ಗುಟ್ಟು’ ಎನ್ನುವುದು ನಮ್ಮ ನಾಲಗೆಗೆ ಸಹಜ, ‘ನನ್ನ ಮಾನ’ ಎನ್ನುವುದಕ್ಕಿಂತ ‘ಮನೆಯ ಮಾನ’ ಎನ್ನುವುದು ಹೆಚ್ಚು. ನಮ್ಮಲ್ಲಿ ಮುಚ್ಚಿಡುವ ಹಕ್ಕು ಒಬ್ಬನದಾಗಿರಲಿಲ್ಲ, ಮನೆಯದಾಗಿತ್ತು. ಇದರಿಂದ ಆಗಿರುವ ಅನ್ಯಾಯಗಳನ್ನು ನಾನು ಮರೆತಿಲ್ಲ. ಮನೆಯ ಮಾನದ ಹೆಸರಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲಾಗಿದೆ. ಆದುದರಿಂದಲೇ ವ್ಯಕ್ತಿಗೆ ತನ್ನದೇ ಆದ ಮರೆಯೊಂದು ಬೇಕೆಂಬ ಹೊಸ ಕಾಲದ ತಿಳಿವಳಿಕೆ ದೊಡ್ಡ ಲಾಭ. ಆ ಲಾಭವನ್ನು ದೇಶಕ್ಕೆ ದೊರಕಿಸಿದವರಲ್ಲಿ ಕನ್ನಡ ನಾಡಿನವರೇ ಒಬ್ಬರು ಮುಂದಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಸಂವಿಧಾನದ ಚರಿತ್ರೆಯಲ್ಲಿ ಉಳಿದಿದೆ.

ಆದರೆ ವಂಶವಾಹಿಯ ವಿಚಾರ ಬಂದಾಗ ಈ ಹೊಸ ತಿಳಿವಳಿಕೆಯೊಂದೇ ಸಾಲದು. ಹಳೆಯದೂ ಸ್ವಲ್ಪ ಬೇಕು. ನನ್ನ ಮನೆಯ ವಿಳಾಸ, ನನ್ನ ಬ್ಯಾಂಕಿನ ಲೆಕ್ಕ ನನ್ನವು. ನನ್ನ ವಂಶವಾಹಿ ಹಾಗಲ್ಲ. ಅದರಲ್ಲಿ ಸುಮಾರು ಅರ್ಧ ಅಕ್ಕನಲ್ಲಿಯೂ ಇದೆ, ಕಾಲುಭಾಗ ಅವಳ ಮಗಳಲ್ಲಿ. ಮುಂಬಯಿಯಲ್ಲಿರುವ ಚಿಕ್ಕಮ್ಮನ ಮಕ್ಕಳಲ್ಲಿಯೂ ಒಂದಷ್ಟು ಇದೆ. ಇದು ಅವಿಭಕ್ತ ಆಸ್ತಿ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲನಾಗನ ಬನವನ್ನು ಹುಡುಕಿಕೊಂಡು ಹತ್ತು ಊರು ಅಲೆಯುವವರು ನಾವು. ತಾಯಿಯ ಕಡೆಯಿಂದ ಬರುವ ‘ಬಳಿ’ಯನ್ನು ಕೇಳದೆ ಹೆಣ್ಣು ಗಂಡು ಕೂಡಿಸದವರು. ಅಳಿಯಸಂತಾನದ ಕುಟುಂಬಗಳಲ್ಲಿ ಯಜಮಾನನೆಂಬವನು ಆಸ್ತಿಯನ್ನು ನೋಡಿಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ಕುಟುಂಬಕ್ಕೆ ಅಗತ್ಯವಿಲ್ಲದೆ, ಉಳಿದವರನ್ನು ಕೇಳದೆ ಅವನು ಅದನ್ನು ಪರಾಧೀನ ಮಾಡುವಂತಿರಲಿಲ್ಲ. ಪಾಲು ಕೇಳುವ ಹಕ್ಕು 1949ರ ಕಾನೂನಿನಿಂದ ಬಂದಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು, ಪಾತ್ರೆ ಪರಡಿಯೂ ಪಾಲಾಯಿತು. ರಕ್ತ ಮಾತ್ರ ಪಾಲಾಗಲಿಲ್ಲ. ಆ ಭಾನುವಾರ ನಾನು ರುಜು ಹಾಕಿದ್ದು ಒಡೆಯನಂತೆ; ನಾನಿದ್ದದ್ದು ಬರಿಯ ಯಜಮಾನ.

ಇದು ಹಳ್ಳಿಯ ಅಂಜಿಕೆಯೆಂದು ಯಾರಾದರೂ ಹೇಳಿದರೆ ಅವರಿಗೆ ಐಸ್‌ಲೆಂಡಿನ ಕಥೆಯನ್ನು ಹೇಳಬೇಕು. ಆ ಪುಟ್ಟ ದೇಶ 1998ರಲ್ಲಿ ಕಾನೂನೊಂದನ್ನು ಮಾಡಿ ತನ್ನ ಪ್ರಜೆಗಳೆಲ್ಲರ ಆರೋಗ್ಯದ ದಾಖಲೆಗಳನ್ನು ಒಂದೆಡೆ ಕಲೆಹಾಕಿ ವಂಶವಾಹಿ ಸಂಶೋಧನೆಗೆ ಒದಗಿಸಲು ಹೊರಟಿತು. ಒಲ್ಲದವರು ಬಂದು ಒಲ್ಲೆನೆನ್ನಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮಲ್ಲಿಯೂ ಒಂದು ಮಾತಿದೆಯಷ್ಟೆ. ತೀರಿಹೋದ ತನ್ನ ತಂದೆಯ ದಾಖಲೆಗಳನ್ನು ಅದರಲ್ಲಿ ಸೇರಿಸಬಾರದೆಂದು ಒಬ್ಬ ಹುಡುಗಿ ನ್ಯಾಯಾಲಯಕ್ಕೆ ಹೋದಳು. ತಂದೆಯದನ್ನು ತಿಳಿದವರಿಗೆ ತನ್ನದೂ ತಿಳಿದಂತೆ ಎಂಬುದು ಅವಳ ವಾದ. 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವಳ ಮಾತನ್ನು ಎತ್ತಿಹಿಡಿಯಿತು. ನಮ್ಮ ಅಕ್ಕ ಚಹಾದ ಲೋಟ ಕೆಳಗಿಟ್ಟು ಕೇಳಿದ್ದು ಇದೇ ಪ್ರಶ್ನೆಯನ್ನಲ್ಲವೆ?

ಇನ್ನೊಂದು ನಿದರ್ಶನ ಅಮೆರಿಕಾದ್ದು. ಎಂಜಲನ್ನು ಅಂಚೆಯಲ್ಲಿ ಕಳುಹಿಸಿದರೆ ಪೂರ್ವಿಕರ ಮೂಲವನ್ನೂ ದೂರದ ಬಂಧುಗಳನ್ನೂ ತಿಳಿಸಿಕೊಡುವ ‘ಟ್ವೆಂಟಿತ್ರೀ ಆ್ಯಂಡ್ ಮಿ’ ಎಂಬ ಕಂಪೆನಿಗೆ 2023ರಲ್ಲಿ ಕನ್ನ ಬಿದ್ದಿತು. ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಜನರ ಖಾತೆಗಳಿಗೆ. ಬಯಲಾದದ್ದು ಸುಮಾರು 69 ಲಕ್ಷ ಜನರ ವಿವರ. ಹೇಗೆಂದರೆ, ಬಂಧುಗಳನ್ನು ಹುಡುಕಿಕೊಡುವ ಏರ್ಪಾಡಿನಲ್ಲಿ ಒಬ್ಬನ ಬಾಗಿಲು ತೆರೆದರೆ ನೂರಾರು ದಾಯಾದಿಗಳ ಕಿಟಕಿ ತೆರೆಯುತ್ತಿತ್ತು. 2025ರ ಮಾರ್ಚಿನಲ್ಲಿ ಆ ಕಂಪೆನಿ ದಿವಾಳಿಯ ಅರ್ಜಿ ಹಾಕಿತು. ಕಂಪೆನಿಯ ಮೇಜು ಕುರ್ಚಿಗಳ ಜೊತೆಗೆ ಕೋಟಿಗೂ ಮೀರಿದ ಜನರ ವಂಶವಾಹಿಯೂ ಸೊತ್ತಿನ ಪಟ್ಟಿಯಲ್ಲಿ ಸೇರಿತು. ಕೊಡುವಾಗ ಯಾರ ಕೈಗೆ ಕೊಟ್ಟೆವೋ, ಉಳಿದ ಕಾಲವೆಲ್ಲ ಅದು ಅವರ ಕೈಯಲ್ಲಿಯೇ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಮನೆತನವನ್ನು ದಾಟಿದರೆ ಸಮುದಾಯ. ಇಲ್ಲಿ ಗುಟ್ಟು ಇನ್ನೂ ಸೂಕ್ಷ್ಮವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. ಎಲುಬು ಕೀಲುಗಳನ್ನು ಹಿಂಡಿ ನಡೆಯಲಾರದಂತೆ ಮಾಡುವ ವ್ಯಾಧಿಯೊಂದು 1970ರ ದಶಕದಲ್ಲಿ ಅಲ್ಲಿ ಬೆಳಕಿಗೆ ಬಂದಿತು. ತಂಡದ ಮೇಲೆ ತಂಡ ಬಂದು ಪರೀಕ್ಷಿಸಿ, ಅದು ವಂಶದಲ್ಲಿ ಇಳಿದುಬರುವ ವ್ಯಾಧಿಯೆಂದು ಕಂಡುಕೊಂಡವು. ಆ ಜನ ತಮ್ಮ ರಕ್ತವನ್ನು ಕೊಟ್ಟರು, ಎಲುಬಿನ ಚಿತ್ರಗಳನ್ನು ಕೊಟ್ಟರು, ಮನೆತನದ ಕಥೆಯನ್ನು ಕೊಟ್ಟರು. ಪ್ರತಿಯಾಗಿ ಬಂದದ್ದೇನು? ವ್ಯಾಧಿಯನ್ನು ಬೇರಿನಿಂದ ಕೀಳುವ ಔಷಧಿ ಇನ್ನೂ ಬಂದಿಲ್ಲ. ಆದರೆ ವ್ಯಾಧಿಗೆ ಊರಿನ ಹೆಸರು ಬಂದಿತು. ವೈದ್ಯ ಗ್ರಂಥಗಳಲ್ಲಿ ಇಂದಿಗೂ ಅದು ‘ಹಂದಿಗೋಡು ರೋಗ’. ಆ ಊರಿನಿಂದ ಹೆಣ್ಣು ತರುವವರ, ಆ ಊರಿಗೆ ಹೆಣ್ಣು ಕೊಡುವವರ ಮನಸ್ಸಿನಲ್ಲಿ ಆ ಎರಡು ಶಬ್ದಗಳು ಏನು ಮಾಡಬಲ್ಲವೆಂಬುದನ್ನು ಊಹಿಸುವುದು ಕಷ್ಟವಲ್ಲ. ರೋಗಿಗಳು ಯಾವ ಜಾತಿಯವರೆಂಬುದನ್ನೂ ವರದಿಗಳು ಬರೆದಿವೆ. ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳದಿದ್ದರೂ ಸಮುದಾಯಕ್ಕೆ ಮೈಯುಂಟು, ಮೈಗೆ ನೋವುಂಟು.

ಅಮೆರಿಕಾದ ಗ್ರಾಂಡ್ ಕಣಿವೆಯಲ್ಲಿ ವಾಸಿಸುವ ಹಾವಸುಪೈ ಬುಡಕಟ್ಟಿನವರು 1990ರಿಂದ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ರಕ್ತ ಕೊಟ್ಟಿದ್ದರು. ಅದೇ ರಕ್ತವನ್ನು ಮನೋರೋಗದ ಅಧ್ಯಯನಕ್ಕೂ, ತಮ್ಮ ಪೂರ್ವಿಕರು ಏಷ್ಯಾದಿಂದ ಬಂದವರೆಂದು ತೋರಿಸುವುದಕ್ಕೂ ಬಳಸಿದ್ದಾರೆಂದು ಅನಂತರ ತಿಳಿಯಿತು. ತಾವು ಆ ಕಣಿವೆಯಲ್ಲಿಯೇ ಹುಟ್ಟಿದವರೆಂಬುದು ಅವರ ಶ್ರದ್ಧೆ. 2010ರಲ್ಲಿ ಅರಿಜೋನದ ವಿಶ್ವವಿದ್ಯಾನಿಲಯ ಏಳು ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದಿದ್ದ ರಕ್ತವನ್ನು ಹಿಂದಿರುಗಿಸಿತು. ನಮ್ಮ ಕರಾವಳಿಯಲ್ಲಿಯೂ ಮೂಲದ ಶೋಧ ನಡೆದಿದೆ. ಗೋವಾ, ಕುಮಟಾ, ಮಂಗಳೂರುಗಳ 110 ಮಂದಿ ರೋಮನ್ ಕ್ಯಾಥೊಲಿಕರ ವಂಶವಾಹಿಯನ್ನು ಪರೀಕ್ಷಿಸಿ ಹೈದರಾಬಾದು, ಲಖನೌಗಳ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ಸಮುದಾಯಕ್ಕೆ ಹೆಚ್ಚು ಹತ್ತಿರದವರು ಕೊಂಕಣದ ಗೌಡ ಸಾರಸ್ವತರೆಂದು ಅದು ಹೇಳಿತು. ಚರಿತ್ರೆಯ ವಿದ್ಯಾರ್ಥಿಗೆ ಇದು ಬೆಲೆಯುಳ್ಳ ಸಂಗತಿ. ಆ ಅಧ್ಯಯನದಲ್ಲಿ ಯಾರಿಗಾದರೂ ನೋವಾಯಿತೆಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟೆ: 110 ಮಂದಿ ಕೈಚಾಚಿದರು, ಉತ್ತರ ಬಂದದ್ದು ಲಕ್ಷಾಂತರ ಜನರ ಮೇಲೆ. ಜಾತಿಯನ್ನು ಕೇಳಿಯೇ ನೀರು ಕುಡಿಯುವವರು ಇನ್ನೂ ಇರುವ ನಾಡಿನಲ್ಲಿ ಮೂಲದ ಉತ್ತರ ಎಂದೂ ಬರಿಯ ಉತ್ತರವಾಗಿ ಉಳಿಯುವುದಿಲ್ಲ.

ಹಾಗಾದರೆ ರಕ್ತವನ್ನೇ ಕೊಡಬಾರದೆ? ನನ್ನ ವಾದ ಅದಲ್ಲ. ಈ ತನಕ ಜಗತ್ತಿನಲ್ಲಿ ಕಲೆಹಾಕಿದ ವಂಶವಾಹಿಯ ವಿವರದ ಬಹುಪಾಲು ಯುರೋಪು ಮೂಲದವರದು. ಆ ಅಳತೆಗೆ ಹೊಲಿದ ಅಂಗಿ ನಮ್ಮ ಮೈಗೆ ಸರಿಹೊಂದುವುದಿಲ್ಲ, ಔಷಧಿಯೂ ಹಾಗೆಯೇ. ಈ ಕೊರತೆಯನ್ನು ತುಂಬಲು ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 20 ಸಂಸ್ಥೆಗಳು ಕೂಡಿ, 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮನ್ನು ಓದಿದವು. 2025ರ ಜನವರಿಯಲ್ಲಿ ಆ ಸಂಗ್ರಹ, ಫರೀದಾಬಾದಿನ ದತ್ತಾಂಶ ಕೇಂದ್ರದ ಮೂಲಕ, ನಿಯಮಗಳಿಗೆ ಒಪ್ಪಿದ ಸಂಶೋಧಕರಿಗೆ ತೆರೆಯಿತು. ಇದು ದೊಡ್ಡ ಕೆಲಸ. ನನ್ನ ತಾಯಿಯ ಕಾಲದಲ್ಲಿ ಇಂಥ ತಿಳಿವಳಿಕೆ ಇದ್ದಿದ್ದರೆ ಚಿಕ್ಕಮ್ಮನಾದರೂ ಮೊದಲೇ ಪರೀಕ್ಷೆ ಮಾಡಿಸಿಕೊಂಡು ಬದುಕುತ್ತಿದ್ದಳೋ ಏನೋ. ಎಲ್ಲರೂ ಬಾಗಿಲು ಮುಚ್ಚಿಕೊಂಡರೆ ಮುಂದಿನವರ ತಾಯಂದಿರೂ ಹಾಗೆಯೇ ಹೋಗುತ್ತಾರೆ.

ಅಂತೆಯೇ, ಪ್ರತಿಯೊಬ್ಬ ದಾಯಾದಿಯ ರುಜುವನ್ನೂ ತರಬೇಕೆಂದರೆ ಸಂಶೋಧನೆ ನಡೆಯುವುದಿಲ್ಲವೆಂಬ ಆಕ್ಷೇಪವೂ ನ್ಯಾಯವಾದದ್ದೇ. ಯಜಮಾನನ ಮಾತನ್ನು ಎತ್ತಿದ್ದು ಇದಕ್ಕಾಗಿಯೇ. ಹಳೆಯ ಕುಟುಂಬದಲ್ಲಿ ಕೂಡ ಎಲ್ಲದಕ್ಕೂ ಎಲ್ಲರ ರುಜು ಬೇಕಾಗಿರಲಿಲ್ಲ. ಯಜಮಾನ ಕುಟುಂಬದ ಹಿತಕ್ಕಾಗಿ ನಡೆದುಕೊಳ್ಳಬಹುದಿತ್ತು. ಆದರೆ ಅದು ನಿಜವಾಗಿ ಹಿತವೆಂದು ಅವನು ತೋರಿಸಿಕೊಡಬೇಕಾಗಿತ್ತು. ನನ್ನ ಬೇಡಿಕೆಯೂ ಅಷ್ಟೆ: ಅಕ್ಕನಿಗೆ ತಡೆಯಾಜ್ಞೆಯ ಅಧಿಕಾರವನ್ನಲ್ಲ, ಕೇಳಿಸಿಕೊಳ್ಳುವ ಹಕ್ಕನ್ನು ಕೊಡಬೇಕು.

ಅದಕ್ಕೆ ಬೇಕಾದದ್ದು ಬಹಳವೇನಲ್ಲ. ಒಪ್ಪಿಗೆಯ ಪತ್ರವನ್ನು ಮೇಜಿನ ಮೇಲೆ ಐದು ನಿಮಿಷ ಇಡುವುದರ ಬದಲು ಮನೆಗೆ ಒಯ್ಯಲು ಬಿಡಬೇಕು. ಒಂದು ವಾರ ಅದು ಮನೆಯ ಜಗಲಿಯಲ್ಲಿರಲಿ. ಓದಿದ ಭಾಷೆಯಲ್ಲಲ್ಲ, ಮಾತಾಡುವ ಭಾಷೆಯಲ್ಲಿ ಅದನ್ನು ವಿವರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು, ಇಂಥ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ, ಕೊಂಕಣಿಯೂ ಇದೆ. ಅಕ್ಕ ಪ್ರಶ್ನೆ ಕೇಳಿದ ತುಳು ಇಲ್ಲ, ಬ್ಯಾರಿ ಭಾಷೆಯೂ ಇಲ್ಲ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದೂ ಆ ಕಾನೂನು ಹೇಳುತ್ತದೆ. ಆದರೆ ಗೊತ್ತುಪಡಿಸಿದ ಮಟ್ಟಕ್ಕೆ ಅನುಗುಣವಾಗಿ ನಡೆಯುವ ಸಂಶೋಧನೆಗೆ ವಿನಾಯಿತಿಯನ್ನೂ ಇಟ್ಟಿದೆ. 2019ರ ಕರಡು ಮಸೂದೆಯಲ್ಲಿ ವಂಶವಾಹಿಯ ವಿವರವನ್ನು ವಿಶೇಷ ರಕ್ಷಣೆಗೆ ಅರ್ಹವಾದ ಸೂಕ್ಷ್ಮ ವಿವರವೆಂದು ಎಣಿಸಲಾಗಿತ್ತು. ಕಾನೂನಾಗಿ ಬಂದಾಗ ಆ ಭೇದ ಮಾಯವಾಗಿತ್ತು. ಅಮೆರಿಕಾದವರು 2008ರಲ್ಲಿಯೇ, ವಂಶವಾಹಿಯನ್ನು ನೋಡಿ ಉದ್ಯೋಗವನ್ನಾಗಲಿ ಆರೋಗ್ಯ ವಿಮೆಯನ್ನಾಗಲಿ ನಿರಾಕರಿಸಬಾರದೆಂದು ಕಾನೂನು ಮಾಡಿಕೊಂಡರು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಅದು ಬರುವ ತನಕ ಕೊಡುವವನ ಎಚ್ಚರವೂ ಕೇಳುವವನ ಧರ್ಮಬುದ್ಧಿಯೂ ಹೆಚ್ಚಾಗಿರಬೇಕು.

ಮುಂದಿನ ವಾರ ಆ ತರುಣನನ್ನು ಹುಡುಕಿಕೊಂಡು ಹೋದೆ. ಅವನು ತಾಳ್ಮೆಯಿಂದ ಕೇಳಿದ. “ಕನ್ನಡದ ಪ್ರತಿಯೂ ಇತ್ತು ಸರ್. ನಿಮಗೆ ಇಂಗ್ಲಿಷ್ ಬರುತ್ತದಲ್ಲ, ಬೇಡವೆಂದುಕೊಂಡೆ” ಎಂದ. ಕನ್ನಡ ಪಾಠ ಹೇಳುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಆ ಪ್ರತಿಯನ್ನು ಕೇಳಿ ಪಡೆದು ಮನೆಗೆ ತಂದೆ. ಭಾನುವಾರ ಅಕ್ಕ, ಅವಳ ಮಗಳು, ನಾನು ಜಗಲಿಯಲ್ಲಿ ಕುಳಿತು ಏಳು ಪುಟಗಳನ್ನೂ ಓದಿದೆವು. ಪರೀಕ್ಷೆಯ ಫಲಿತಾಂಶವನ್ನು ಕೊಟ್ಟವರಿಗೆ ತಿಳಿಸಲಾಗುವುದಿಲ್ಲವೆಂದು ಐದನೆಯ ಪುಟದಲ್ಲಿತ್ತು.

ಅಕ್ಕ, “ಹಾಗಾದರೆ ಬೇಡವೇ ಬೇಡ” ಎಂದಳು.

ಅವಳ ಮಗಳು ಒಪ್ಪಲಿಲ್ಲ. “ಮಾವ ಕೊಡಲಿ ಅಮ್ಮ. ಆದರೆ ನನ್ನ ವಿಷಯ ನನಗೆ ತಿಳಿಯಬೇಕು. ಅದಕ್ಕೆ ನಾನೇ ಬೇರೆ ವೈದ್ಯರ ಹತ್ತಿರ ಹೋಗುತ್ತೇನೆ. ಮುಚ್ಚಿಟ್ಟು ಮದುವೆಯಾಗುವುದು ನನಗೆ ಬೇಡ” ಎಂದಳು. ತಾಯಿ ಮಗಳ ನಡುವೆ ಮಾತು ಬೆಳೆಯಿತು. ಕತ್ತಲಾಗುವ ತನಕವೂ ಅದು ಮುಗಿಯಲಿಲ್ಲ. ಅಕ್ಕ ಕಾಯಬೇಕಾದದ್ದು ಮನೆಯ ಗುಟ್ಟೆಂದಳು; ಮಗಳು ತಾನು ತಿಳಿಯಬೇಕಾದದ್ದು ತನ್ನ ದೇಹವೆಂದಳು. ಇಬ್ಬರ ಮಾತೂ ನಿಜ. ಎರಡನ್ನೂ ತೂಗಿ ನೋಡದೆ ಐದು ನಿಮಿಷದಲ್ಲಿ ತೀರ್ಮಾನ ಕೊಟ್ಟವನು ನಾನೊಬ್ಬನೇ.

ಸದ್ಯಕ್ಕೆ ನನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ. ಕೋಪದಿಂದಲ್ಲ, ಕೇಳದೆ ಕೊಟ್ಟದ್ದಕ್ಕಾಗಿ. ಜಗಲಿಯ ಮಾತು ಮುಗಿದ ಮೇಲೆ, ಮೂವರೂ ಸರಿಯೆಂದರೆ, ನಾನೇ ಹೋಗಿ ಕೈಚಾಚುವೆನು. ಹಳಗನ್ನಡದಲ್ಲಿ ‘ಒಪ್ಪು’ ಎಂದರೆ ಶೋಭಿಸು, ಸೊಗಸಾಗಿ ಹೊಂದು ಎಂಬ ಅರ್ಥವೂ ಉಂಟು. ಕೊಡುವವನಿಗೂ ಅವನ ಮನೆಯವರಿಗೂ ಒಪ್ಪುವಂತಿದ್ದರೆ ಮಾತ್ರ ಅದು ಒಪ್ಪಿಗೆ. ಇಲ್ಲವಾದರೆ ಬರಿಯ ರುಜು.

ಈ ಲೇಖನವನ್ನು ಪತ್ರಿಕೆಗೆ ಕಳುಹಿಸುವ ಮುನ್ನ ಇಬ್ಬರಿಗೂ ಓದಿ ಹೇಳಿದೆ. ಅಕ್ಕ ಎರಡು ವಾಕ್ಯಗಳನ್ನು ತೆಗೆಯಲು ಹೇಳಿದಳು. ತೆಗೆದಿದ್ದೇನೆ.